ಅರ್ಧ ವಾಹನದ ರೋಬೋಟ್‌ಗಳು

ರೂಪ ಬದಲಿಸುವ ರೋಬೋಟ್ ಆಟಿಕೆಗಳ ಮಾತು ಬಂದಾಗ ಹೆಚ್ಚಿನವರು ಮೊದಲು ನೆನೆಯುವುದು ಐದಾರು ರೋಬೋಟ್‌ಗಳು ಸೇರಿ ಕಟ್ಟಿಕೊಳ್ಳುವ ಮಹಾಕಾಯವನ್ನು. ಅದರ ಎತ್ತರ, ಗಾತ್ರ, ಕೊನೆಯ ತುಂಡು ಸರಿಯಾಗಿ ಕುಳಿತಾಗ ಆಗುವ ಸಂತೋಷ ಇವೆಲ್ಲ ನಿಜವೇ. ಆದರೆ ಬಹುಕಾಲದಿಂದ ಈ ಆಟಿಕೆಗಳನ್ನು ಕೂಡಿಡುತ್ತ, ಕೀಲು ಸಡಿಲವಾದವನ್ನು ಬಿಚ್ಚಿ ಸರಿಪಡಿಸುತ್ತ ಬಂದಿರುವ ನನ್ನನ್ನು ಹಿಡಿದಿಟ್ಟಿರುವುದು ಇದಕ್ಕೆ ಎದುರು ದಿಕ್ಕಿನಲ್ಲಿ ಸಾಗುವ ಒಂದು ಸಣ್ಣ ಪಂಗಡ. ಅಲ್ಲಿ ಎರಡು ರೋಬೋಟ್‌ಗಳು ಸೇರಿದರೆ ದೊಡ್ಡ ರೋಬೋಟ್ ಹುಟ್ಟುವುದಿಲ್ಲ. ಇಬ್ಬರಿಗೂ ಸೇರಿದ ಒಂದೇ ಒಂದು ವಾಹನ ಹುಟ್ಟುತ್ತದೆ. ಒಬ್ಬ ಅದರ ಮುಂಭಾಗ, ಇನ್ನೊಬ್ಬ ಹಿಂಭಾಗ. ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಕಲ್ಪನೆ ಇನ್ನೊಂದಿಲ್ಲ ಎಂದೂ, ಅದಕ್ಕೆ ಸಿಗಬೇಕಾದ ಗಮನ ಈವರೆಗೆ ಸಿಕ್ಕಿಲ್ಲ ಎಂದೂ ನಾನು ನಂಬಿದ್ದೇನೆ.

ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಸಾಲುಗಳ ಅಚ್ಚುಗಳನ್ನು ಪಡೆದು ಅಮೆರಿಕದ ಹಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರಾಟ ಆರಂಭಿಸಿತು. ಮರುವರ್ಷ, 1985ರಲ್ಲಿ, ಡೆವಾಸ್ಟೇಟರ್ ಬಂದ. ಬುಲ್ಡೋಜರ್, ಕ್ರೇನ್, ಸಿಮೆಂಟ್ ಮಿಕ್ಸರ್ ಮುಂತಾದ ಆರು ಕಟ್ಟಡ ಕೆಲಸದ ಯಂತ್ರಗಳು ಕೂಡಿ ಆಗುವ ದೈತ್ಯ ಅವನು. ಆ ಆರರಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣ ವಾಹನ, ತನ್ನಷ್ಟಕ್ಕೆ ಪೂರ್ಣ ರೋಬೋಟ್. ದೈತ್ಯನ ಮುಷ್ಟಿ, ಎದೆಗವಚದಂಥ ಭಾಗಗಳು ಮಾತ್ರ ಯಾವ ರೋಬೋಟಿಗೂ ಸೇರದ ಬಿಡಿ ತುಂಡುಗಳಾಗಿ ಪೆಟ್ಟಿಗೆಯಲ್ಲಿ ಇರುತ್ತಿದ್ದವು. 1986ರಲ್ಲಿ ಸುಪೀರಿಯನ್, ಮೆನಾಸರ್, ಡಿಫೆನ್ಸರ್, ಬ್ರೂಟಿಕಸ್ ಬಂದಾಗ ಈ ವಿಧಾನಕ್ಕೆ ಒಂದು ಶಿಸ್ತು ಬಂತು. ನಾಯಕನೊಬ್ಬ ಮುಂಡವಾಗುತ್ತಾನೆ, ಉಳಿದ ನಾಲ್ವರು ಕೈಕಾಲುಗಳಾಗುತ್ತಾರೆ, ಯಾರು ಕೈ ಯಾರು ಕಾಲು ಎಂಬುದನ್ನು ಆಡುವವರೇ ತೀರ್ಮಾನಿಸಬಹುದು, ಒಂದು ತಂಡದ ಸದಸ್ಯನನ್ನು ಇನ್ನೊಂದು ತಂಡಕ್ಕೂ ಜೋಡಿಸಬಹುದು. ಈ ಅದಲುಬದಲಿನ ಸ್ವಾತಂತ್ರ್ಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ದೈತ್ಯರ ವ್ಯವಸ್ಥೆಯಲ್ಲಿ ಸೇರುವುದು ಹೆಚ್ಚುವರಿ ಶಕ್ತಿ. ಸೇರದಿದ್ದರೂ ಯಾರಿಗೂ ಕೊರತೆಯಿಲ್ಲ. ಯುದ್ಧವಿಮಾನ ಯುದ್ಧವಿಮಾನವಾಗಿಯೇ ಹಾರುತ್ತದೆ, ಲಾರಿ ಲಾರಿಯಾಗಿಯೇ ಓಡುತ್ತದೆ. ಹಂಚಿಕೊಂಡ ವಾಹನದಲ್ಲಿ ಹಾಗಿಲ್ಲ. ಅಲ್ಲಿ ರೋಬೋಟ್ ಆಗಿ ಇಬ್ಬರೂ ಪೂರ್ಣರು, ವಾಹನವಾಗಿ ಇಬ್ಬರೂ ಅರ್ಧ. ಬೀಸುವ ಕಲ್ಲಿನ ಎರಡು ಹೋಳುಗಳಂತೆ ಅವು. ಮೇಲಿನದು ಬೇರೆ ಆಕಾರ, ಕೆಳಗಿನದು ಬೇರೆ ಆಕಾರ, ಒಂದೊಂದನ್ನೇ ತಿರುಗಿಸಿದರೆ ಹಿಟ್ಟು ಬೀಳುವುದಿಲ್ಲ. ನಿಂತು ಹೋರಾಡಲು ಒಬ್ಬನೇ ಸಾಕು, ದಾರಿಯಲ್ಲಿ ಮುಂದೆ ಸಾಗಲು ಇನ್ನೊಬ್ಬ ಬೇಕೇ ಬೇಕು ಎಂಬ ಈ ಏರ್ಪಾಡು ಆಟಿಕೆಯ ಯಂತ್ರರಚನೆಯಲ್ಲೇ ಒಂದು ಸಂಬಂಧವನ್ನು ಕೂರಿಸಿಬಿಡುತ್ತದೆ. ಕಥೆ ಬರೆದು ವಿವರಿಸಬೇಕಾದ ಸ್ನೇಹ ಇಲ್ಲಿ ಗೂಟ ಮತ್ತು ತೂತಿನಲ್ಲೇ ಇದೆ.

ಈ ತತ್ತ್ವದ ಮೊದಲ ಒಳ್ಳೆಯ ಉದಾಹರಣೆ ವಾಹನವಲ್ಲ, ಕ್ಯಾಮೆರಾ. ಮೈಕ್ರೋ ಚೇಂಜ್ ಸಾಲಿನ ಆಟಿಕೆಗಳು ಮನೆಯಲ್ಲಿ ಕಾಣುವ ನಿತ್ಯದ ವಸ್ತುಗಳ ವೇಷ ಹಾಕುತ್ತಿದ್ದವು: ಕ್ಯಾಸೆಟ್ ಪ್ಲೇಯರ್, ಸೂಕ್ಷ್ಮದರ್ಶಕ, ಪಿಸ್ತೂಲು. ಅದೇ ಕುಲದಿಂದ ಬಂದದ್ದು ರಿಫ್ಲೆಕ್ಟರ್. ಸ್ಪೆಕ್ಟ್ರೋ, ಸ್ಪೈಗ್ಲಾಸ್, ವ್ಯೂಫೈಂಡರ್ ಎಂಬ ಮೂರು ರೋಬೋಟ್‌ಗಳು ಪಕ್ಕಪಕ್ಕ ಮಡಚಿ ಕೂತರೆ ಒಂದು ಕ್ಯಾಮೆರಾ ಆಗುತ್ತದೆ. ನಡುವಿನ ವ್ಯೂಫೈಂಡರ್‌ನ ಎದೆಯಲ್ಲಿರುವ ಮಸೂರವೇ ಕ್ಯಾಮೆರಾದ ಮಸೂರ. ಒಬ್ಬೊಬ್ಬರನ್ನೇ ಮಡಚಿದರೆ ಅದು ಯಾವ ವಸ್ತುವೂ ಆಗುವುದಿಲ್ಲ. 1984ರ ಕಾರ್ಟೂನಿನ ಮೊದಲ ಭಾಗದಲ್ಲೇ ರಿಫ್ಲೆಕ್ಟರ್ ಕಾಣಿಸಿಕೊಂಡಿದ್ದರೂ ಅಮೆರಿಕದ ಮಕ್ಕಳಿಗೆ ಆ ಆಟಿಕೆ ದೊರೆತದ್ದು 1986ರಲ್ಲಿ, ಅದೂ ಅಂಚೆಯ ಮೂಲಕ ತರಿಸಿಕೊಂಡಾಗ. ಕಾರ್ಟೂನು ಮೂವರನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ವ್ಯಕ್ತಿಯಂತೆ ನಡೆಸಿಕೊಂಡಿತು. ಆಟಿಕೆ ಮಾತ್ರ ಮೂವರಿಗೂ ಬೇರೆ ಬೇರೆ ಹೆಸರು ಕೊಟ್ಟಿತು. ನನಗೆ ಆಟಿಕೆಯ ದಾರಿಯೇ ಸರಿ ಎನಿಸುತ್ತದೆ. ಹಂಚಿಕೊಳ್ಳುವುದಕ್ಕೆ ಅರ್ಥ ಬರಬೇಕಾದರೆ ಹಂಚಿಕೊಳ್ಳುವವರು ಮೊದಲು ಬೇರೆ ಬೇರೆಯಾಗಿರಬೇಕು.

1987ರ ಡುಯೋಕಾನ್‌ಗಳು ಇದೇ ಲೆಕ್ಕವನ್ನು ತಲೆಕೆಳಗು ಮಾಡಿದವು. ಫ್ಲೈವೀಲ್ಸ್ ಎಂಬವನು ಒಂದು ಜೆಟ್ ಮತ್ತು ಒಂದು ಟ್ಯಾಂಕ್. ಬ್ಯಾಟಲ್‌ಟ್ರಾಪ್ ಎಂಬವನು ಒಂದು ಹೆಲಿಕಾಪ್ಟರ್ ಮತ್ತು ಒಂದು ನೆಲದ ವಾಹನ. ಎರಡು ವಾಹನಗಳು ಸೇರಿದಾಗ ಸ್ಪ್ರಿಂಗಿನ ಬಲದಿಂದ ಒಂದೇ ರೋಬೋಟ್ ಎದ್ದು ನಿಲ್ಲುತ್ತದೆ. ಚುರುಕಾದ ಆಟಿಕೆಗಳು, ಆದರೆ ಅಲ್ಲಿರುವುದು ಒಂದೇ ಜೀವ, ಎರಡು ಗಾಡಿ. ಹಂಚಿಕೊಳ್ಳಲು ಯಾರೂ ಇಲ್ಲ.

ಮರುವರ್ಷ, 1988ರ ಪವರ್‌ಮಾಸ್ಟರ್ ಸಾಲಿನಲ್ಲಿ, ಕಥೆಯ ಕೆಟ್ಟವರ ಪಾಳಯವಾದ ಡಿಸೆಪ್ಟಿಕಾನ್‌ಗಳ ಡ್ರೆಡ್‌ವಿಂಡ್ ಮತ್ತು ಡಾರ್ಕ್‌ವಿಂಗ್ ಬಂದರು. ಮೊದಲನೆಯವನು ಎಫ್-16 ವಿಮಾನ, ಎರಡನೆಯವನು ಟೊರ್ನೇಡೋ ವಿಮಾನ. ಇಬ್ಬರಿಗೂ ಎಂಜಿನ್ ಆಗಿ ಮಡಚಿಕೊಳ್ಳುವ ಚಿಕ್ಕ ಸಂಗಾತಿಗಳಿದ್ದರು, ಹೈ-ಟೆಸ್ಟ್ ಮತ್ತು ಥ್ರಾಟಲ್. ಆ ಎಂಜಿನನ್ನು ಸಿಕ್ಕಿಸಿದಾಗಲೇ ಒಳಗಿನ ಚಿಲಕ ಬಿಟ್ಟುಕೊಂಡು ವಿಮಾನ ರೋಬೋಟ್ ಆಗಲು ಸಾಧ್ಯವಾಗುತ್ತಿತ್ತು. ಎರಡೂ ವಿಮಾನಗಳು ಒಂದಕ್ಕೊಂದು ಸೇರಿದರೆ ಡ್ರೆಡ್‌ವಿಂಗ್ ಎಂಬ ಉದ್ದನೆಯ ಒಂದೇ ವಿಮಾನ. ಜಪಾನಿನಲ್ಲಿ ಇವೇ ಅಚ್ಚುಗಳು ಹೈಡ್ರಾ ಮತ್ತು ಬಸ್ಟರ್ ಎಂಬ ಅಣ್ಣತಮ್ಮಂದಿರಾಗಿ ಬಂದವು, ಮತ್ತು ಅದು ಬಹಳ ತಿಳಿದು ಮಾಡಿದ ಆಯ್ಕೆ. ಎರಡು ಲೋಹದ ಹಕ್ಕಿಗಳು ಒಂದೇ ದೇಹವಾಗಿ ಹಾರುವುದಕ್ಕೆ ರಕ್ತಸಂಬಂಧಕ್ಕಿಂತ ಸಹಜವಾದ ಕಾರಣ ಬೇಕಿಲ್ಲ. ಹಾಗಿದ್ದರೂ ಡ್ರೆಡ್‌ವಿಂಗ್ ನನ್ನ ಪಾಲಿಗೆ ಅರ್ಧ ದಾರಿಯಲ್ಲಿ ನಿಂತ ಪ್ರಯೋಗ. ಎರಡು ಪೂರ್ಣ ವಿಮಾನಗಳು ಕೂಡಿ ಹೆಚ್ಚು ತೂಕದ ಒಂದು ವಿಮಾನವಾಗುತ್ತದೆ, ಅಷ್ಟೇ. ಬೇರ್ಪಟ್ಟರೂ ಇಬ್ಬರೂ ಹಾರಬಲ್ಲರು.

ಪೂರ್ತಿ ದಾರಿ ನಡೆದವು 1990ರ ಮೈಕ್ರೋಮಾಸ್ಟರ್ ಕಂಬೈನರ್‌ಗಳು. ಮೈಕ್ರೋಮಾಸ್ಟರ್‌ಗಳು ಬಂದದ್ದು 1989ರಲ್ಲಿ. ಗಾಲೂಬ್ ಕಂಪನಿಯ ಮೈಕ್ರೋ ಮಷೀನ್ಸ್ ಎಂಬ ಪುಟ್ಟ ಕಾರುಗಳು ಮಕ್ಕಳ ಕಿಸೆ ತುಂಬುತ್ತಿದ್ದ ಕಾಲ ಅದು. ಬೆರಳುದ್ದದ ರೋಬೋಟ್‌ಗಳನ್ನು ನಾಲ್ಕು ನಾಲ್ಕರ ಗಸ್ತು ಪಡೆಗಳಾಗಿ ಮಾರಲಾಯಿತು: ರೇಸ್ ಕಾರ್ ಪ್ಯಾಟ್ರೋಲ್, ರೆಸ್ಕ್ಯೂ ಪ್ಯಾಟ್ರೋಲ್, ಏರ್ ಸ್ಟ್ರೈಕ್ ಪ್ಯಾಟ್ರೋಲ್ ಇತ್ಯಾದಿ. ಮರುವರ್ಷ ಅದೇ ಅಳತೆಯಲ್ಲಿ ಆರು ಆರರ ಸ್ಕ್ವಾಡ್‌ಗಳು ಬಂದವು: ಆಸ್ಟ್ರೋ ಸ್ಕ್ವಾಡ್, ಬ್ಯಾಟಲ್ ಸ್ಕ್ವಾಡ್, ಮೆಟ್ರೋ ಸ್ಕ್ವಾಡ್, ಕನ್‌ಸ್ಟ್ರಕ್ಟರ್ ಸ್ಕ್ವಾಡ್. ಆರು ಜನ, ಆದರೆ ಮೂರೇ ವಾಹನ. ಮೆಟ್ರೋ ಸ್ಕ್ವಾಡ್‌ನಲ್ಲಿ ವೀಲ್ ಬ್ಲೇಜ್ ಮತ್ತು ರೋಡ್ ಬರ್ನರ್ ಒಂದು ಜೋಡಿ, ಆಯಿಲರ್ ಮತ್ತು ಸ್ಲೈಡ್ ಇನ್ನೊಂದು ಜೋಡಿ. ಕನ್‌ಸ್ಟ್ರಕ್ಟರ್ ಸ್ಕ್ವಾಡ್‌ನಲ್ಲಿ ಒಂದು ಜೋಡಿಯ ಹೆಸರೇ ಸ್ಲೆಡ್ಜ್ ಮತ್ತು ಹ್ಯಾಮರ್, ಎರಡೂ ಹೆಸರು ಕೂಡಿದರೆ ಇಂಗ್ಲಿಷಿನಲ್ಲಿ ದೊಡ್ಡ ಸುತ್ತಿಗೆ ಎಂಬ ಅರ್ಥ. ಬ್ಯಾಟಲ್ ಸ್ಕ್ವಾಡ್‌ನಲ್ಲಿ ಡೈರೆಕ್ಟ್-ಹಿಟ್ ಮತ್ತು ಪವರ್ ಪಂಚ್. ಇವರಲ್ಲದೆ ದೊಡ್ಡ ಸಾಗಣೆ ವಾಹನದ ಜೊತೆಗೇ ಪೆಟ್ಟಿಗೆಯಲ್ಲಿ ಬಂದ ಜೋಡಿಗಳೂ ಇದ್ದವು. ಟ್ಯಾಂಕರ್ ಲಾರಿಯ ಪೆಟ್ಟಿಗೆಯಲ್ಲಿದ್ದ ಜೋಡಿಯ ಹೆಸರು ಪೈಪ್‌ಲೈನ್ ಮತ್ತು ಗಷರ್.

ಈ ರಚನೆಯ ಅತ್ಯುತ್ತಮ ಗುಣ ಜೋಡಣೆಯ ಕೀಲು ಎಲ್ಲರಿಗೂ ಒಂದೇ ಆಗಿರುವುದು. ಯಾವ ಮುಂಭಾಗವನ್ನಾದರೂ ಯಾವ ಹಿಂಭಾಗಕ್ಕಾದರೂ ಸೇರಿಸಬಹುದು. ಒಂದು ಸ್ಕ್ವಾಡ್‌ನ ಮೂರು ಮುಂಭಾಗ, ಮೂರು ಹಿಂಭಾಗಗಳಿಂದ 9 ವಾಹನಗಳು ಸಿಗುತ್ತವೆ. ನಾಲ್ಕೂ ಸ್ಕ್ವಾಡ್‌ಗಳು ಒಂದೆಡೆ ಇದ್ದರೆ 12 ಮುಂಭಾಗ, 12 ಹಿಂಭಾಗ, ಒಟ್ಟು 144. ಅವುಗಳಲ್ಲಿ 132 ವಾಹನಗಳು ಪೆಟ್ಟಿಗೆಯ ಮೇಲಿನ ಜೋಡಿಗಳನ್ನು ಮುರಿದು ಮಾಡಿದ ಬೆರಕೆಗಳು, ಮತ್ತು ಅವೇ ನನಗೆ ಹೆಚ್ಚು ಇಷ್ಟ. ಒಂದು ತಂಡದ ಮೂತಿಗೆ ಇನ್ನೊಂದು ತಂಡದ ಬಾಲ ಅಂಟಿಸಿದಾಗ ಬಣ್ಣ ಹೊಂದುವುದಿಲ್ಲ, ಛಾವಣಿಯ ಎತ್ತರ ಸರಿಹೋಗುವುದಿಲ್ಲ, ಆದರೆ ಗಾಡಿ ಓಡುತ್ತದೆ. 1986ರ ದೈತ್ಯರು ಕೈಕಾಲುಗಳ ಮಟ್ಟದಲ್ಲಿ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಈ ಪುಟ್ಟ ಆಟಿಕೆಗಳು ಇಡೀ ದೇಹದ ಮಟ್ಟಕ್ಕೆ ತಂದವು. ಅಲ್ಲಿ ನಾಯಕನಿಲ್ಲದೆ ಏನೂ ಆಗುತ್ತಿರಲಿಲ್ಲ. ಇಲ್ಲಿ ನಾಯಕನೇ ಇಲ್ಲ. ಮುಂದಿನವನು ಹಿಂದಿನವನಿಗಿಂತ ದೊಡ್ಡವನಲ್ಲ, ಎಳೆಯುವವನೂ ಅಲ್ಲ. ಚಕ್ರಗಳು ಇಬ್ಬರಿಗೂ ಪಾಲಾಗಿವೆ.

ಇಂಥ ಒಂದು ಜೋಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ವಿನ್ಯಾಸಕಾರನ ಕಷ್ಟ ಅರ್ಥವಾಗುತ್ತದೆ. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಆಟಿಕೆಯಲ್ಲಿ ಮರೆಮಾಚಬೇಕಾದದ್ದು ರೋಬೋಟಿನ ಮುಖ ಮತ್ತು ಕೈಕಾಲು. ಅದಕ್ಕೆ ವಾಹನದ ಹೊಟ್ಟೆ ಮತ್ತು ತಳ ಸಿಗುತ್ತದೆ. ಹಂಚಿಕೊಂಡ ವಾಹನದಲ್ಲಿ ಪ್ರತಿಯೊಬ್ಬನಿಗೂ ಸಿಗುವುದು ಅರ್ಧ ಹೊಟ್ಟೆ ಮಾತ್ರ, ಆದರೆ ಮರೆಮಾಚಬೇಕಾದ ದೇಹ ಪೂರ್ತಿ. ಈ ಇಕ್ಕಟ್ಟಿಗೆ ಇರುವ ಒಂದು ಸಮಾಧಾನವೆಂದರೆ ನಡುವಿನ ಸೇರುವ ಗೆರೆ. ಸಾಮಾನ್ಯ ವಾಹನದಲ್ಲಿ ಕಣ್ಣಿಗೆ ಬೀಳುವ ಮುಖಗಳು ಮುಂದೆ, ಹಿಂದೆ, ಮೇಲೆ, ಅಕ್ಕಪಕ್ಕ. ಅರ್ಧ ವಾಹನಕ್ಕೆ ಯಾರಿಗೂ ಕಾಣದ ಇನ್ನೊಂದು ಮುಖವಿದೆ, ಇನ್ನೊಬ್ಬನಿಗೆ ಒತ್ತಿಕೊಂಡಿರುವ ಮುಖ. ತಲೆಯನ್ನೋ ಕೈಯನ್ನೋ ಆ ಕಡೆಗೆ ತಿರುಗಿಸಿ ಅಡಗಿಸಿದರೆ ಜೋಡಿ ಸೇರಿದ ಮೇಲೆ ಅದು ಸಂಪೂರ್ಣ ಮರೆಯಾಗುತ್ತದೆ. ಒಬ್ಬನ ಗುಟ್ಟನ್ನು ಮುಚ್ಚುವುದು ಇನ್ನೊಬ್ಬನ ಬೆನ್ನು ಎಂಬ ಈ ವ್ಯವಸ್ಥೆ ನನಗೆ ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ.

ಎರಡನೆಯ ಕಷ್ಟ ಕೀಲಿನದು. ಒಂದು ಆಟಿಕೆ ತನ್ನೊಳಗೇ ಮಡಚಿಕೊಳ್ಳುವಾಗ ಅದರ ತುಂಡುಗಳ ಹೊಂದಾಣಿಕೆಯನ್ನು ಕಾರ್ಖಾನೆ ಅಲ್ಲೇ ಪರೀಕ್ಷಿಸಬಹುದು. ಜೋಡಿ ಆಟಿಕೆಯಲ್ಲಿ ಗೂಟ ಒಂದು ಅಚ್ಚಿನಿಂದ, ತೂತು ಇನ್ನೊಂದು ಅಚ್ಚಿನಿಂದ ಬರುತ್ತದೆ, ಯಾವ ಗೂಟ ಯಾವ ತೂತಿಗೆ ಹೋಗುತ್ತದೆ ಎಂಬುದು ಮಗುವಿನ ಇಷ್ಟ. ಗೂಟ ಕೂದಲೆಳೆಯಷ್ಟು ದಪ್ಪವಾದರೂ ಸೇರಿಸುವಾಗ ಪ್ಲಾಸ್ಟಿಕ್ ಬಿಳಿಚಿ ಬಿರುಕು ಬಿಡುತ್ತದೆ. ತೆಳುವಾದರೆ ನೆಲದ ಮೇಲೆ ತಳ್ಳಿದ ಕೂಡಲೇ ಗಾಡಿ ನಡುವಿನಲ್ಲಿ ಜೋಲುತ್ತದೆ. ಹಳೆಯ ಜೋಡಿಗಳನ್ನು ಕೊಳ್ಳುವವರು ಬಣ್ಣ, ಸ್ಟಿಕ್ಕರ್‌ಗಳಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ. ಎರಡೂ ಭಾಗಗಳನ್ನು ಸೇರಿಸಿ, ಮುಂಭಾಗವನ್ನಷ್ಟೇ ಹಿಡಿದು ಎತ್ತಬೇಕು. ಹಿಂಭಾಗ ಬಾಗದೆ ನೇರವಾಗಿ ಮೇಲೆ ಬಂದರೆ ಆ ಜೋಡಿ ಆರೋಗ್ಯವಾಗಿದೆ. ಸಡಿಲವಾದ ಗೂಟಕ್ಕೆ ನೀರಿನಂಥ ತೆಳು ಪಾರದರ್ಶಕ ವಾರ್ನಿಷ್‌ನ ಒಂದು ಪದರ ಬಳಿದು, ಪೂರ್ತಿ ಒಣಗಿದ ಮೇಲೆ ಸೇರಿಸಿದರೆ ಬಿಗಿ ಮರಳುತ್ತದೆ. ಒಣಗುವ ಮೊದಲೇ ಸೇರಿಸಿದರೆ ಇಬ್ಬರೂ ಎಂದೆಂದಿಗೂ ಅಂಟಿಕೊಳ್ಳುತ್ತಾರೆ, ಎಚ್ಚರ.

ಇಷ್ಟೊಂದು ಯೋಚನೆ ಇರುವ ಆಟಿಕೆ ಏಕೆ ಮರೆತುಹೋಯಿತು? ಬಹುಪಾಲು ಕಾರಣ ಅದು ಬಂದ ಸಮಯ. ಅಮೆರಿಕದ ಕಾರ್ಟೂನು ಸರಣಿ 1987ರಲ್ಲೇ ಮುಗಿದಿತ್ತು, ಹಾಗಾಗಿ ಈ ಜೋಡಿಗಳಿಗೆ ತೆರೆಯ ಮೇಲೆ ದನಿ ಸಿಗಲಿಲ್ಲ. 1990ರಲ್ಲಿ ಅಂಗಡಿಯ ಕಪಾಟಿನಲ್ಲಿ ಇವುಗಳ ಪಕ್ಕದಲ್ಲಿದ್ದದ್ದು ಆಕ್ಷನ್ ಮಾಸ್ಟರ್‌ಗಳು, ಅಂದರೆ ರೂಪವನ್ನೇ ಬದಲಿಸದ ಟ್ರಾನ್ಸ್‌ಫಾರ್ಮರ್‌ಗಳು. ಆ ವರ್ಷದೊಂದಿಗೆ ಮೂಲ ಸಾಲು ಅಮೆರಿಕದ ಮಾರುಕಟ್ಟೆಯಲ್ಲಿ ನಿಂತುಹೋಯಿತು. ರೂಪಾಂತರವನ್ನೇ ಕೈಬಿಟ್ಟ ದೊಡ್ಡ ಆಟಿಕೆಗಳ ಪಕ್ಕದಲ್ಲಿ, ರೂಪಾಂತರದ ಅತ್ಯಂತ ಸೂಕ್ಷ್ಮ ಪ್ರಯೋಗ ಅತ್ಯಂತ ಚಿಕ್ಕ ಆಟಿಕೆಗಳಲ್ಲಿ ನಡೆಯುತ್ತಿತ್ತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಜಪಾನಿನಲ್ಲಿ ಮೈಕ್ರೋಮಾಸ್ಟರ್‌ಗಳು 1990ರ ದಶಕದ ಆರಂಭದಲ್ಲಿ ಇನ್ನಷ್ಟು ಬೆಳೆದವು, ಆದರೆ ಬೇರೆ ದಿಕ್ಕಿನಲ್ಲಿ. ಸಿಕ್ಸ್‌ವಿಂಗ್, ಸಿಕ್ಸ್‌ಟರ್ಬೋ, ಸಿಕ್ಸ್‌ಲೈನರ್‌ಗಳಲ್ಲಿ ಆರು ಪುಟ್ಟ ವಾಹನಗಳು ಸೇರಿ ಮತ್ತೆ ಒಂದು ದೊಡ್ಡ ರೋಬೋಟ್ ಆಗುತ್ತವೆ. ಸಿಕ್ಸ್‌ಲೈನರ್‌ನ ಆರು ರೈಲುಗಳು ಬಹಳ ಚೆಂದ, ಒಪ್ಪುತ್ತೇನೆ. ಆದರೂ ಅದು ಮರಳಿ ಮಹಾಕಾಯದ ದಾರಿ.

ಮುಂದಿನ ವರ್ಷಗಳಲ್ಲಿ ಜೋಡಿಯ ಕಲ್ಪನೆ ಆಗಾಗ ತಲೆಯೆತ್ತಿತು. 2004ರ ಎನರ್ಜಾನ್ ಸಾಲಿನಲ್ಲಿ ಇಬ್ಬರು ಆಟೋಬಾಟ್‌ಗಳು, ಅಂದರೆ ಒಳ್ಳೆಯವರ ಪಾಳಯದ ರೋಬೋಟ್‌ಗಳು, ಸೇರಿ, ಒಬ್ಬ ಸೊಂಟದ ಮೇಲಿನ ಭಾಗವಾಗಿ ಇನ್ನೊಬ್ಬ ಕೆಳಗಿನ ಭಾಗವಾಗಿ, ಒಂದು ರೋಬೋಟ್ ಆಗುತ್ತಿದ್ದರು. ಅಲ್ಲಿಯೂ ಯಾರು ಮೇಲೆ ಎಂಬುದು ಆಡುವವರ ಆಯ್ಕೆ. ಹಂಚಿಕೊಂಡ ವಾಹನವನ್ನು ಅತಿ ಹೆಚ್ಚು ಜನ ನೋಡಿದ್ದು ಮಾತ್ರ 2009ರ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರದಲ್ಲಿ. ಅದರಲ್ಲಿ ಸ್ಕಿಡ್ಸ್ ಮತ್ತು ಮಡ್‌ಫ್ಲಾಪ್ ಎಂಬ ಅವಳಿಗಳು ಮೊದಲಿಗೆ ಒಂದೇ ಹಳೆಯ ಐಸ್‌ಕ್ರೀಮ್ ಗಾಡಿಯಾಗಿ ಬರುತ್ತಾರೆ. ಗಾಡಿ ಎರಡಾಗಿ ಸೀಳಿ ಇಬ್ಬರು ಹೊರಬರುತ್ತಾರೆ. ಆ ರೂಪದಲ್ಲಿ ಆಟಿಕೆಯೂ ಬಂತು. ಕಥೆ ಮುಂದುವರಿದಂತೆ ಇಬ್ಬರಿಗೂ ಬೇರೆ ಬೇರೆ ಹೊಸ ಕಾರು ದೊರೆಯುತ್ತದೆ: ಕೆಂಪು ಮಡ್‌ಫ್ಲಾಪ್‌ಗೆ ಷೆವ್ರೊಲೆ ಟ್ರ್ಯಾಕ್ಸ್, ಹಸಿರು ಸ್ಕಿಡ್ಸ್‌ಗೆ ಷೆವ್ರೊಲೆ ಬೀಟ್. ಬೀಟ್ 2010ರಲ್ಲಿ ಭಾರತದ ಮಾರುಕಟ್ಟೆಗೆ ಬಂದು ಬೆಂಗಳೂರಿನ ರಸ್ತೆಗಳಲ್ಲೂ ಸಾಮಾನ್ಯವಾಗಿ ಕಾಣತೊಡಗಿದಾಗ, ಅದನ್ನು ಸ್ಕಿಡ್ಸ್ ಎಂದು ಗುರುತಿಸಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೂ ಆ ಬದಲಾವಣೆ ನನಗೆ ಹಿಡಿಸಲಿಲ್ಲ. ಜಗಳವಾಡುತ್ತಲೇ ಒಂದೇ ಗಾಡಿಯೊಳಗೆ ಬದುಕಬೇಕಾದ ಅವಳಿಗಳು ಎಂಬುದು ಆ ಪಾತ್ರಗಳಿಗಿದ್ದ ಅತ್ಯಂತ ಸ್ವಂತದ ಲಕ್ಷಣವಾಗಿತ್ತು. ಪ್ರತ್ಯೇಕ ಕಾರುಗಳು ಸಿಕ್ಕ ಗಳಿಗೆಯಲ್ಲಿ ಅವರು ಉಳಿದ ಆಟೋಬಾಟ್‌ಗಳ ಸಾಲಿನಲ್ಲಿ ಇನ್ನಿಬ್ಬರಾದರು.

2019ರ ಸೀಜ್ ಸಾಲಿನಲ್ಲಿ ಮೈಕ್ರೋಮಾಸ್ಟರ್‌ಗಳು ಮರಳಿದವು, ಇಬ್ಬಿಬ್ಬರ ಪೊಟ್ಟಣಗಳಲ್ಲಿ. ರೋಡ್‌ಹ್ಯಾಂಡ್ಲರ್, ಫ್ಲಾಕ್ ಮುಂತಾದ 1989ರ ಹೆಸರುಗಳನ್ನು ಹೊಸ ಅಚ್ಚುಗಳಲ್ಲಿ ನೋಡುವುದು ಸಂತೋಷದ ಅನುಭವ. ಈ ಬಾರಿ ಜೋಡಿ ಸೇರಿದರೆ ದೊಡ್ಡ ರೋಬೋಟಿನ ಕೈಗೆ ಕೊಡುವ ಆಯುಧವಾಗುತ್ತಿತ್ತು. ಅಂದರೆ ಇಬ್ಬರೂ ಸೇರಿ ಮೂರನೆಯವನ ಉಪಕರಣವಾಗುತ್ತಾರೆ. ತಮಗಾಗಿ ಏನನ್ನೂ ಪಡೆಯುವುದಿಲ್ಲ. ಅದೇ ವರ್ಷ ರಿಫ್ರಾಕ್ಟರ್ ಎಂಬ ಹೆಸರಿನಲ್ಲಿ ಹಳೆಯ ಕ್ಯಾಮೆರಾ ರೋಬೋಟ್ ಕೂಡ ಮರಳಿತು. ಒಂದೊಂದು ಪೆಟ್ಟಿಗೆಯಲ್ಲಿ ಒಬ್ಬ, ಮೂರು ಪೆಟ್ಟಿಗೆ ಕೊಂಡರೆ ಕ್ಯಾಮೆರಾ. ಮೂವರೂ ಒಂದೇ ಅಚ್ಚಿನವರು ಮತ್ತು ಪ್ರತಿಯೊಬ್ಬನೂ ಒಂಟಿಯಾಗಿ ವಾಹನವಾಗಬಲ್ಲ. ಒಬ್ಬನನ್ನೇ ಕೊಂಡವರಿಗೂ ಪೂರ್ಣ ಆಟಿಕೆ ಸಿಗಬೇಕು ಎಂಬ ನ್ಯಾಯವಾದ ಉದ್ದೇಶದಿಂದ ಹಾಗೆ ಮಾಡಿರಬೇಕು. ಮೂರು ಬೇರೆ ಆಕಾರಗಳು ಮೂರು ಬೇರೆ ಜಾಗಗಳಿಗೆ ಸರಿಯಾಗಿ ಕೂರುತ್ತಿದ್ದ ಹಳೆಯ ಸೊಗಸು ಮಾತ್ರ ಅದರಲ್ಲಿ ಕರಗಿತು.

ಹಂಚಿಕೊಂಡ ವಾಹನದ ನಿಜವಾದ ಪರೀಕ್ಷೆ ನಡೆಯುವುದು ಇಬ್ಬರು ಮಕ್ಕಳ ನಡುವೆ. ನಮ್ಮ ಮನೆಗೆ ಬರುವ ಮಕ್ಕಳಿಗೆ ನಾನು ಈ ಜೋಡಿಗಳನ್ನು ಧಾರಾಳವಾಗಿ ಕೊಡುತ್ತೇನೆ, ಏಕೆಂದರೆ ಆಟಿಕೆ ಗಾಜಿನ ಹಿಂದೆ ಕೂತರೆ ಅದರ ಅರ್ಧ ವಿಷಯ ತಿಳಿಯುವುದೇ ಇಲ್ಲ. ದೈತ್ಯನನ್ನು ಕೊಟ್ಟರೆ ಅವನನ್ನು ಯಾರು ಹಿಡಿಯಬೇಕು ಎಂಬುದೇ ಮೊದಲ ಜಗಳ. ಜೋಡಿ ಕೊಟ್ಟರೆ ಒಬ್ಬೊಬ್ಬರ ಕೈಯಲ್ಲಿ ಒಬ್ಬೊಬ್ಬ ರೋಬೋಟ್; ಸ್ವಲ್ಪ ಹೊತ್ತು ಅವರು ಬೇರೆ ಬೇರೆ ಆಡುತ್ತಾರೆ, ಆಮೇಲೆ ಎಲ್ಲಿಗಾದರೂ ಹೋಗಬೇಕಾಗುತ್ತದೆ, ಆಗ ಒಬ್ಬರು ಇನ್ನೊಬ್ಬರನ್ನು ಕರೆಯಲೇಬೇಕು. ಯಾರೂ ಹೇಳಿಕೊಡದೆ ನಡೆಯುವ ಈ ಕರೆಯನ್ನು ನೋಡುವುದಕ್ಕಾಗಿಯೇ ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಈ ಕಲ್ಪನೆಯನ್ನು ಬೆರಳುದ್ದದ ಅಳತೆಯಿಂದ ಹೊರತಂದು, ಅಂಗೈ ತುಂಬುವ ಗಾತ್ರದಲ್ಲಿ ಯಾರಾದರೂ ಮತ್ತೆ ಮಾಡಬೇಕು ಎಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಹೇಳಿಮಾಡಿಸಿದ ವಾಹನ ಬೆಂಗಳೂರಿನವರು ವೆಸ್ಟಿಬ್ಯೂಲ್ ಬಸ್ ಎನ್ನುವ ಉದ್ದನೆಯ ಬಸ್ಸು. ಅದರ ನಡುವೆ ಅಕಾರ್ಡಿಯನ್‌ನಂತೆ ಮಡಿಕೆ ಬೀಳುವ ರಬ್ಬರ್ ಭಾಗ ಈಗಾಗಲೇ ಇದೆ. ಇಬ್ಬರು ರೋಬೋಟ್‌ಗಳು ಸೇರುವ ಗೆರೆಯನ್ನು ಅಲ್ಲಿಟ್ಟರೆ ಮರೆಮಾಚುವ ಅಗತ್ಯವೇ ಬೀಳುವುದಿಲ್ಲ. ತಲೆಗಳು, ಕೈಗಳು, ಗೂಟ ಮತ್ತು ತೂತು ಎಲ್ಲವೂ ಆ ಮಡಿಕೆಯೊಳಗೆ ಅಡಗುತ್ತವೆ, ತಿರುವಿನಲ್ಲಿ ಬಸ್ಸು ಬಾಗಿದಾಗ ಕೀಲೂ ಸಹಜವಾಗಿ ಬಾಗುತ್ತದೆ. ಹಿಂಭಾಗದವನಿಗೆ ಚಕ್ರಗಳ ಆಕ್ಸಲ್ ಒಂದೇ ಇರುವುದರಿಂದ ವಾಹನರೂಪದಲ್ಲಿ ಅವನು ಒಂಟಿಯಾಗಿ ನೆಟ್ಟಗೆ ನಿಲ್ಲಲಾರ, ಮುಂಭಾಗದವನು ಮಾತ್ರ ನಿಲ್ಲಬಲ್ಲ ಎಂಬ ಅಸಮಾನತೆ ಉಳಿಯುತ್ತದೆ. ಅದನ್ನು ಸರಿದೂಗಿಸಲು ಎಂಜಿನನ್ನು ಹಿಂಭಾಗದವನ ಬೆನ್ನಿಗೆ ಕೊಡಬೇಕು.